ಬಲಗಡೆಯ ಕಿಟಕಿ

ಗೇಟಕ್ಕ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹಾಸನದ ಬಸ್‌ಸ್ಟ್ಯಾಂಡಿನಲ್ಲಿ, ಅವಳು ಹೋಗಿ ಎರಡು ತಿಂಗಳಾದ ಮೇಲೆ. ಹಳೆಯ ಊರಿನವನೊಬ್ಬ ಗುರುತು ಹಿಡಿದು ನಿಲ್ಲಿಸಿದ. ಮಳೆ, ಬೆಳೆ, ಮಕ್ಕಳ ಮದುವೆ ಎಲ್ಲ ಮಾತಾಡಿ ಮುಗಿಸಿ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ನೆನಪಾಯಿತು ಅವನಿಗೆ. "ಅಂದಂಗೆ ನಿಮ್ಮ ಗೇಟಕ್ಕ ಓಗ್ಬುಟ್ಳು ಕಣ್ರಮ್ಮ" ಅಂದ. ಕಂಡಕ್ಟರು ಸೀಟಿ ಊದಿದ. ಅವನ ಬಸ್ಸು ಹೋಯಿತು. ನಾನು ಹತ್ತಬೇಕಾಗಿದ್ದ ಬಸ್ಸೂ ಹೋಯಿತು, ನಾನು ಅಲ್ಲೇ ನಿಂತಿದ್ದೆ.

ಅವಳ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಎಂಟು ವರ್ಷದವಳಾಗಿದ್ದಾಗ ಅವಳ ಮನೆಯ ಒಂದು ಗುಟ್ಟನ್ನು ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿದ್ದೆ. ಆ ಗುಟ್ಟು ಬಯಲಾದರೆ ಕೆಲಸ ಕಳೆದುಕೊಳ್ಳುವವರು ಈಗ ಯಾರೂ ಉಳಿದಿಲ್ಲ. ಆದರೂ ಹೆಸರೊಂದನ್ನು ಬಿಟ್ಟು ಉಳಿದದ್ದು ಹೇಳುತ್ತೇನೆ. ಅರ್ಧ ಆಣೆಯನ್ನಾದರೂ ಉಳಿಸಿಕೊಂಡಂತಾಗಲಿ.

ಐವತ್ತರ ದಶಕದ ನಡುವಿನಲ್ಲಿ ನಮ್ಮಪ್ಪನಿಗೆ ಅರಕಲಗೂಡಿನಿಂದ ಹೊಳೇನರಸೀಪುರದ ಕಡೆಯ ಒಂದು ಹಳ್ಳಿಯ ಪ್ರೈಮರಿ ಶಾಲೆಗೆ ವರ್ಗವಾಯಿತು. ಅಮ್ಮ ಅತ್ತಳು. ನಾನು ಕುಣಿದೆ. ಯಾಕೆಂದರೆ ಆ ಹಳ್ಳಿಯ ಪಕ್ಕದಲ್ಲೇ ಮೈಸೂರಿಗೆ ಹೋಗುವ ರೈಲುಹಳಿ ಇತ್ತು. ಅರಕಲಗೂಡಿನಲ್ಲಿ ರೈಲು ಇರಲಿಲ್ಲ. ನಮ್ಮ ಬೀದಿಯ ಮಕ್ಕಳು ಯಾರೂ ರೈಲು ಕಂಡಿರಲಿಲ್ಲ. ಒಬ್ಬರ ಹಿಂದೊಬ್ಬರು ಅಂಗಿ ಹಿಡಿದುಕೊಂಡು ಕೂಗುತ್ತಾ ಓಡುವುದೇ ನಮಗೆ ಗೊತ್ತಿದ್ದ ರೈಲು. ಹೊಸ ಊರಿಗೆ ಬಂದ ಮೊದಲನೆಯ ದಿನ ಗಾಡಿಯಿಂದ ಸಾಮಾನು ಇಳಿಸುವ ಮೊದಲೇ ನಾನು ಹಳಿಯ ಹತ್ತಿರ ಓಡಿದೆ. ಅಲ್ಲಿ ಸಿಕ್ಕಿದವಳು ಗೇಟಕ್ಕ.

ಊರಿನಿಂದ ಶಾಲೆಗೆ ಹೋಗುವ ದಾರಿ ಹಳಿಯನ್ನು ದಾಟುವಲ್ಲಿ ಒಂದು ಗೇಟು. ಪಕ್ಕದಲ್ಲಿ ಒಂದು ಕೋಣೆಯ ಹೆಂಚಿನ ಮನೆ. ಬಾಗಿಲ ಮುಂದೆ ನಾಲ್ಕು ಕನಕಾಂಬರದ ಗಿಡ, ಒಂದು ಮೇಕೆ, ಒಂದು ನೀರಿನ ಹಂಡೆ. ಗೇಟಿನ ಕೆಲಸ ಅವಳ ಗಂಡನದು. ಸರ್ಕಾರದ ಕಾಗದದಲ್ಲಿ ಹಾಗೆ ಇತ್ತು. ಹತ್ತರಲ್ಲಿ ಆರು ಸಲ ಬಾವುಟ ಹಿಡಿದು ನಿಂತಿರುತ್ತಿದ್ದವಳು ಮಾತ್ರ ಅವಳೇ. ಎತ್ತರದ, ಒಣಕಲು ಮೈಯ ಹೆಂಗಸು. ಆಗ ಮೂವತ್ತರ ಆಚೀಚೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸೊಂಟಕ್ಕೆ ಗೇಟಿನ ಬೀಗದ ಕೈ ಸಿಕ್ಕಿಸಿಕೊಂಡಿರುತ್ತಿದ್ದಳು. ಅಂಗೈಯಷ್ಟು ಉದ್ದದ ಕಬ್ಬಿಣದ ಕೈ. ಗೇಟು ಮುಚ್ಚಿದಾಗಲೂ ಅದಕ್ಕೆ ಬೀಗ. ತೆರೆದಾಗಲೂ, ಗಾಳಿಗೋ ದನಕ್ಕೋ ಅದು ಹಳಿಯ ಮೇಲೆ ತಿರುಗಿಬಿಡಬಾರದೆಂದು, ಪಕ್ಕದ ಕಂಬಕ್ಕೆ ಸರಪಳಿ ಸುತ್ತಿ ಬೀಗ. ಆ ಕೈ ಇಲ್ಲದೆ ಗೇಟು ಆಚೆಗೂ ಇಲ್ಲ, ಈಚೆಗೂ ಇಲ್ಲ.

ಮೊದಲ ದಿನ ರೈಲು ಬಂದಾಗ ನಾನು ಕಿಟಕಿಗಳಿಗೆಲ್ಲ ಕೈ ಬೀಸಿ ಬೀಸಿ ಸುಸ್ತಾದೆ. ಅವಳು ಯಾರ ಕಡೆಗೂ ನೋಡಲಿಲ್ಲ. ಹಸಿರು ಬಾವುಟ ಚಾಚಿ, ತಲೆ ಬಗ್ಗಿಸಿ ನಿಂತಿದ್ದಳು.

"ನೀವ್ಯಾಕೆ ಟಾಟಾ ಮಾಡಲ್ಲ?" ಎಂದು ಕೇಳಿದೆ.

"ನಾವು ಕಿಟ್ಕಿ ನೋಡಂಗಿಲ್ಲ ಕಣ್ ಪುಟ್ಟವ್ವ. ಚಕ್ರ ನೋಡ್ಬೇಕು. ಒಗೆ ಬಂದದಾ, ಏನಾರ ನೇತಾಡ್ತಾ ಅದಾ ಅಂತ. ಕಿಟ್ಕೀಲಿರೋರು ಅವರ ಪಾಡ್ಗೆ ಓಯ್ತಾರೆ, ಚಕ್ರ ನಮ್ ಜವಾಬ್ದಾರಿ."

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವಳ ಜಗುಲಿಯೇ ನನ್ನ ಜಾಗವಾಯಿತು. ಅವಳಿಗೆ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೈಸೂರು ಗಾಡಿಗೆ ಮುದ್ದೆಗೆ ಎಸರು, ಅರಸೀಕೆರೆ ಗಾಡಿಗೆ ಮೇಕೆಗೆ ನೀರು. ಬಾವಿಗೆ ಹೋದರೂ ಒಂದು ಕಿವಿ ಮನೆಯಲ್ಲೇ ಬಿಟ್ಟು ಹೋಗುವಳು. ಊರೊಳಗಿನ ಮದುವೆಗೆ ಕರೆದರೆ ಧಾರೆಗೆ ಬಂದು ಊಟಕ್ಕೆ ಇರುತ್ತಿರಲಿಲ್ಲ. "ಅದೇನು ಗಂಡನ ಮೇಲೆ ಅಷ್ಟು ಅನುಮಾನ ಇವಳಿಗೆ" ಎಂದು ಹೆಂಗಸರು ನಗುತ್ತಿದ್ದರು. ಗೇಟಿನವನು ಕುಡುಕನೆಂದು ಊರಿಗೆಲ್ಲ ಗೊತ್ತಿತ್ತು. ಆ ಮಾತನ್ನು ಹಬ್ಬಿಸಿದವಳು ಗೇಟಕ್ಕನೇ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ನನಗೆ ಗೊತ್ತಾದದ್ದು ಹೀಗೆ. ಒಂದು ದಿನ ಗೇಟು ಹಾಕಿ ಬೀಗ ಬಿದ್ದಿತ್ತು, ಗಾಡಿ ಬರುವುದರಲ್ಲಿತ್ತು. ಗಂಡ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದವನು ಎಡಗೈ ಹೆಬ್ಬೆರಳನ್ನು ಒಳಕ್ಕೆ ಮಡಚಿಕೊಂಡು ಸುಮ್ಮನೆ ಅದನ್ನೇ ನೋಡತೊಡಗಿದ. ಗೇಟಕ್ಕ ಕೈಯಲ್ಲಿದ್ದ ಚೆಂಬು ಬಿಸಾಡಿ ಓಡಿಬಂದಳು. ಅಷ್ಟರಲ್ಲಿ ಅವನು ಬಿದ್ದು ಕೈಕಾಲು ಬಡಿಯತೊಡಗಿದ್ದ. ಅವಳು ಸೊಂಟದ ಬೀಗದ ಕೈ ಕಿತ್ತು ಅವನ ಅಂಗೈಗೆ ಒತ್ತಿ, ಬೆರಳು ಮುಚ್ಚಿದಳು. ಆಗಲೇ ಇಂಜಿನ್ನು ಕೂಗಿತು.

"ಪುಟ್ಟವ್ವ, ಬಾ ಇಲ್ಲಿ. ಈ ಮುಷ್ಟಿ ಇಡ್ಕೊ. ಬುಡ್ಬೇಡ, ಏನಾದ್ರೂ ಬುಡ್ಬೇಡ" ಎಂದು ನನ್ನ ಎರಡು ಕೈಯನ್ನೂ ಅದರ ಮೇಲಿಟ್ಟು ಬಾವುಟ ಹಿಡಿದು ಓಡಿದಳು. ನನ್ನ ಬೆನ್ನ ಹಿಂದೆ ರೈಲು ಹೋಯಿತು. ಅದೊಂದು ಗಾಡಿಯನ್ನು ನಾನು ತಿರುಗಿ ನೋಡಲಿಲ್ಲ. ಆ ಮುಷ್ಟಿಯೊಳಗೆ ಕಬ್ಬಿಣ ನಡುಗುವುದು ನನ್ನ ಕೈಗೆ ತಿಳಿಯುತ್ತಿತ್ತು.

ಆಮೇಲೆ ಅವಳು ಗಂಡನ ಬಾಯಿ ಒರೆಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನಿಂದ ಆಣೆ ಮಾಡಿಸಿಕೊಂಡಳು. "ಯಾರ್ಗೂ ಏಳ್ಬೇಡ. ನಿಮ್ಮಪ್ಪಾರ್ಗೂ ಬ್ಯಾಡ. ಕುಡೀತಾನೆ ಅಂದ್ರೆ ಬೈದು ಬುಡ್ತಾರೆ. ಮೂರ್ಛೆ ಅಂತ ಗೊತ್ತಾದ್ರೆ ಮನೆಗ್ ಕಳುಸ್ತಾರೆ. ನಮ್ಗೆ ಇದೇ ಮನೆ, ಬ್ಯಾರೆ ಇಲ್ಲ."

ಅವಳ ತವರು ಚನ್ನರಾಯಪಟ್ಟಣದ ಆಚೆ, ನುಗ್ಗೇಹಳ್ಳಿಯ ಹತ್ತಿರ. ತಾಯಿ ಸತ್ತಾಗ ಗಂಡನಿಗೆ ಒಂದೇ ವಾರದಲ್ಲಿ ಎರಡು ಸಲ ಬಂದಿತ್ತಂತೆ, ಹೋಗಲಾಗಲಿಲ್ಲ. "ಮಣ್ಣಿಗೂ ಓಗ್ನಿಲ್ಲ, ತಿಥಿಗೂ ಓಗ್ನಿಲ್ಲ" ಎಂದು ಅವರೆಕಾಯಿ ಸುಲಿಯುತ್ತಾ ಹೇಳಿದಳು. ನನಗೆ ಆಗ ಅದರ ಭಾರ ಗೊತ್ತಾಗಲಿಲ್ಲ. ರೈಲಿನಲ್ಲಿ ಹೋಗಬಹುದಿತ್ತಲ್ಲ ಅಂದೆ. "ಈ ಗಾಡಿ ನಮ್ಮೂರ್ ಕಡೀಕ್ ಓಗಲ್ಲ ಪುಟ್ಟವ್ವ. ಓಗಿದ್ರೂ ಗೇಟ್ ಯಾರ್ ನೋಡೋರು?" ಎಂದಳು.

ಅವಳು ರೈಲು ಹತ್ತಿಯೇ ಇರಲಿಲ್ಲ! ಇದು ನನಗೆ ಅವಳ ಗುಟ್ಟಿಗಿಂತ ದೊಡ್ಡ ಆಶ್ಚರ್ಯವಾಗಿತ್ತು. ಮದುವೆಯಾಗಿ ಎತ್ತಿನ ಗಾಡಿಯಲ್ಲಿ ಗೇಟಿಗೆ ಬಂದವಳು ಗೇಟಿನಲ್ಲೇ ಉಳಿದಳು. ಗಂಡನ ಕೆಲಸಕ್ಕೆ ವರ್ಷವರ್ಷ ಪುಕ್ಕಟೆ ಪಾಸು ಬರುತ್ತಿತ್ತು. ಅವನು ಪಾಪ ಆಸೆಯಿಂದ ಬರೆಸಿ ತರುತ್ತಿದ್ದ. ಅವಧಿ ಮುಗಿದ ಮೇಲೆ ಇವಳು ಅದನ್ನು ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ಇಡುತ್ತಿದ್ದಳು. ಓದು ಬಾರದಿದ್ದರೂ ಮಡಿಕೆಯ ಗುರುತಿನ ಮೇಲೆ ತೆಗೆದು ತೋರಿಸುವಳು: "ಇದು ನಂಜನಗೂಡು. ಇದು ತಿರುಪ್ತಿ. ಇದು ನಾನ್ ಓಗ್ದೇ ಇದ್ ಎರಡ್ನೇ ಸಲದ ತಿರುಪ್ತಿ." ಹೇಳಿ ತಾನೇ ನಗುವಳು. ನಾನೂ ನಗುತ್ತಿದ್ದೆ, ನನಗೇನು ತಿಳಿಯುತ್ತಿತ್ತು.

ಒಂದು ಸಲ ಕೇಳಿದೆ, ರೈಲು ಹತ್ತಿದರೆ ನೀವು ಎಲ್ಲಿಗೆ ಹೋಗುತ್ತೀರಿ ಎಂದು. ತಿರುಪತಿ ಅನ್ನುತ್ತಾಳೆಂದುಕೊಂಡಿದ್ದೆ.

"ಎಲ್ಲೂ ಬ್ಯಾಡ ಪುಟ್ಟವ್ವ. ಈ ಗೇಟ್ ದಾಟುದ್ರೆ ಸಾಕು. ಒಳ್ಗಿಂದ ನಮ್ ಮನೆ ಎಂಗ್ ಕಾಣ್ತದೆ, ಬಾವುಟ ಇಡ್ಕಂಡ್ ನಿಂತಿರೋರು ಎಂಗ್ ಕಾಣ್ತಾರೆ ಅಂತ ಒಂದ್ಸಾರಿ ನೋಡ್ಬೇಕು. ಎಲ್ಲಾರೂ ದಾಟ್ಕಂಡ್ ಓಯ್ತಾರೆ. ನಾನೊಬ್ಳೇ ದಾಟ್ನಿಲ್ಲ."

ಅದು ಕೂಡಿಬಂದದ್ದು ನನ್ನಿಂದಾಗಿ. ಆ ವರ್ಷ ಬೇಸಿಗೆ ರಜೆಗೆ ನಾನು ಅರಕಲಗೂಡಿಗೆ ಹೋಗಬೇಕಿತ್ತು. ಅಮ್ಮ ಬಾಣಂತನಕ್ಕೆ ಮೊದಲೇ ಹೋಗಿದ್ದಳು. ಅಪ್ಪನಿಗೆ ಪರೀಕ್ಷೆಯ ಕೆಲಸ. ತಾತ ಹೊಳೇನರಸೀಪುರಕ್ಕೆ ಬಂದು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಬಸ್ಸು ಎಂದರು ಅಪ್ಪ. ರೈಲು ಎಂದೆ ನಾನು. ಎರಡು ದಿನ ಊಟ ಬಿಟ್ಟೆ, ಅಂದರೆ ಅಪ್ಪನ ಮುಂದೆ ಬಿಟ್ಟೆ. ಕೊನೆಗೆ ಅಪ್ಪ ಗೇಟಿನ ಹತ್ತಿರ ಬಂದು, "ಏನಮ್ಮಾ, ಈ ಪೀಡೆಯನ್ನ ರೈಲಲ್ಲಿ ಹೊಳೇನರಸೀಪುರಕ್ಕೆ ತಲುಪಿಸಿ ಮಧ್ಯಾಹ್ನದ ಗಾಡಿಗೆ ವಾಪಸ್ ಬರ್ತೀಯಾ?" ಎಂದು ಕೇಳಿದರು.

ಅವಳು ಗಂಡನ ಮುಖ ನೋಡಿದಳು. ಅವನಿಗೆ ಮೂರು ತಿಂಗಳಿಂದ ಮೂರ್ಛೆ ಬಂದಿರಲಿಲ್ಲ. "ಓಗಮ್ಮಿ. ಒಂದೊತ್ತು ನಾನ್ ನೋಡ್ಕತೀನಿ. ನಂದೇ ಕೆಲ್ಸ ಅಲ್ವಾ ಅದು" ಎಂದ. ಆ ಮಾತು ಹೇಳುವಾಗ ಅವನು ನೆಟ್ಟಗೆ ನಿಂತ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆ ಬೆಳಿಗ್ಗೆ ಅವಳು ಧಾರೆ ಸೀರೆ ಉಟ್ಟಿದ್ದಳು. ಕನಕಾಂಬರ ಮುಡಿದಿದ್ದಳು, ನನಗೂ ಮುಡಿಸಿದಳು. ಬೆಳಗಿನ ಗೂಡ್ಸು ಗಾಡಿಯನ್ನು ಕಳಿಸಿ, ಗೇಟು ತೆರೆದು ಕಂಬಕ್ಕೆ ಬೀಗ ಹಾಕಿ ಮಾವಿನಕೆರೆ ಸ್ಟೇಷನ್ನಿಗೆ ನಡೆದೆವು. ನೂರು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದಳು. ದಾರಿಯ ಉದ್ದಕ್ಕೂ ಲೆಕ್ಕ ಹಾಕಿದ್ದು ಒಂದೇ: ಮೈಸೂರು ಕಡೆ ಹೋಗುವಾಗ ಗೇಟಿನ ಮನೆ ಯಾವ ಕಡೆಗೆ ಬರುತ್ತದೆ? ಹೊರಗಿನಿಂದ ನೋಡಿ ಅಭ್ಯಾಸವಾದವಳಿಗೆ ಒಳಗಿನ ಎಡಬಲ ಗೊತ್ತಾಗದೆ, ರಸ್ತೆಯ ನಡುವೆ ನಿಂತು, ತಾನೇ ಇಂಜಿನ್ನಿನ ಹಾಗೆ ನಾಲ್ಕು ಹೆಜ್ಜೆ ನಡೆದು, ಕೈ ನೋಡಿಕೊಂಡು, "ಉಣ್ಣೋ ಕೈ ಕಡೀಕೆ" ಎಂದು ತೀರ್ಮಾನ ಮಾಡಿದಳು.

ಗಾಡಿ ಬಂತು. ಆ ಸಂಭ್ರಮವನ್ನು ಏನೆಂದು ಹೇಳಲಿ! ಕೆಳಗೆ ನಿಂತು ನೋಡುತ್ತಿದ್ದ ರೈಲೇ ಬೇರೆ, ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟ ರೈಲೇ ಬೇರೆ. ಮರದ ಬೆಂಚು, ಹೊಗೆಯ ವಾಸನೆ, ಯಾರದೋ ಬುಟ್ಟಿಯ ಕೋಳಿ. ಬಲಗಡೆಯ ಕಿಟಕಿಯಲ್ಲಿ ಎದುರುಬದುರು ಕೂತೆವು. ಗಾಡಿ ಒಮ್ಮೆ ಜಗ್ಗಿ ಹೊರಟಾಗ ಇಬ್ಬರೂ ಒಟ್ಟಿಗೆ ಕಿರುಚಿದೆವು. ಎದುರಿನ ಮುದುಕರು, "ಮಗೀಗಿಂತ ಅವ್ವನೇ ಜೋರಾಗವ್ಳೆ" ಎಂದು ನಕ್ಕರು. ಗೇಟಕ್ಕ ನಾಚಲಿಲ್ಲ. ಕಂಬಗಳು ಓಡುವುದನ್ನು, ಹೊಲದಲ್ಲಿ ಬಗ್ಗಿದ್ದವರು ಎದ್ದು ನೋಡುವುದನ್ನು ನನಗೆ ಬೆರಳು ಮಾಡಿ ತೋರಿಸುತ್ತಿದ್ದಳು. ಕಣ್ಣಿಗೆ ಇದ್ದಿಲ ಪುಡಿ ಬಿದ್ದರೂ ಒಳಗೆ ಮುಖ ಎಳೆದುಕೊಳ್ಳಲಿಲ್ಲ. ಅಷ್ಟು ಎಳೆಯದಾಗಿ ಅವಳ ಮುಖವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ನನಗೆ ಪುರಿ ಕೊಡಲು ಅವಳು ಮಡಿಲಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

"ಅಯ್ಯೋ ಶಿವನೇ, ಬೀಗದ್ಕೈ" ಎಂದಳು.

ಹದಿನೈದು ವರ್ಷದ ಅಭ್ಯಾಸ. ಸೀರೆ ಬದಲಾಯಿಸಿದಳು, ಸೊಂಟದ ಬೀಗದ ಕೈ ತೆಗೆದಿಡಲಿಲ್ಲ. ಗೇಟು ರಸ್ತೆಗೆ ತೆರೆದುಕೊಂಡು ಕಂಬಕ್ಕೆ ಬೀಗ ಬಿದ್ದಿದೆ. ಅದನ್ನು ಮುಚ್ಚಲು ಗಂಡನ ಹತ್ತಿರ ಏನೂ ಇಲ್ಲ. ಅವನಿಗೆ ಮೂರ್ಛೆ ಬಂದರೆ ಅಂಗೈಗೆ ಒತ್ತಲು ಬೇಕಾದ ಕಬ್ಬಿಣವೂ ಇಲ್ಲಿದೆ, ರೈಲಿನೊಳಗೆ. ಅವಳು ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಗಾಡಿಯೊಳಗೆ ಎಲ್ಲಿಗೆ ತಾನೆ ಓಡುತ್ತಾಳೆ?

ಇಂಜಿನ್ನು ಒಂದೇ ಸಮನೆ ಕೂಗತೊಡಗಿತು. ಗಾಡಿ ಕಿರುಗುಟ್ಟುತ್ತಾ ನಿಂತಿತು. ಕಿಟಕಿಯಿಂದ ಬಗ್ಗಿ ನೋಡಿದೆವು. ಗೇಟಿಗೆ ಸ್ವಲ್ಪ ಈಚೆ, ಎರಡು ಹಳಿಗಳ ನಡುವೆ, ಕೆಂಪು ಬಾವುಟವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅವಳ ಗಂಡ ನಿಂತಿದ್ದ. ಅವನು ಬಿದ್ದಿರಲಿಲ್ಲ. ಮಾಡಬೇಕಾದ್ದನ್ನು ಸರಿಯಾಗಿಯೇ ಮಾಡಿದ್ದ. ತಪ್ಪು ಅವನದಾಗಿರಲಿಲ್ಲ.

ಗೇಟಕ್ಕ ಎತ್ತರದ ಮೆಟ್ಟಿಲಿನಿಂದ ಜಲ್ಲಿಯ ಮೇಲೆ ಹಾರಿದಳು. ಮಂಡಿಯೂರಿ ಬಿದ್ದು, ಎದ್ದು, ಸೀರೆ ಎತ್ತಿಕೊಂಡು ಓಡಿದಳು. ಬೀಗ ತೆಗೆದು ಗೇಟಿನ ಎರಡು ರೆಕ್ಕೆಗಳನ್ನೂ ಎಳೆದು ರಸ್ತೆಗೆ ಅಡ್ಡ ಮಾಡಿ ಬೀಗ ಹಾಕಿದಳು. ಹಿಂದಿನಿಂದ ಗಾರ್ಡು ಬೈಯುತ್ತಾ ಬಂದರು. ನಮ್ಮ ಬೋಗಿ ಮುಂದೆಯೇ ಇದ್ದುದರಿಂದ ಎಲ್ಲ ಕೇಳಿಸುತ್ತಿತ್ತು.

"ಏನಯ್ಯಾ ಇದು? ಕುಡಿದಿದ್ದೀಯಾ?"

"ಇಲ್ಲ ಸಾ" ಎಂದ ಅವನು. ಅವನ ಎಡಗೈ ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತ್ತು. ಅದು ಗಾರ್ಡಿಗೆ ಕಾಣಲಿಲ್ಲ. ನನಗೆ ಕಂಡಿತು. ಅವಳಿಗೆ ನನಗಿಂತ ಮೊದಲೇ ಕಂಡಿತ್ತು.

"ಊ ಸಾ, ಕುಡ್ದವ್ರೆ" ಎಂದು ಅವಳು ನಡುವೆ ಬಂದು ನಿಂತಳು. "ನಾನೂ ಬೀಗದ್ಕೈ ಮರ್ತು ತಕ್ಕೊಂಡೋಗಿದ್ದೆ. ತಪ್ಪಾಯ್ತು ಸಾ, ಒಂದ್ಸಾರಿ ಬುಟ್ಬುಡಿ." ಹಾಗೆನ್ನುತ್ತಲೇ ಬೀಗದ ಕೈಯನ್ನು ಗಂಡನಿಗೆ ಒಪ್ಪಿಸುವವಳ ಹಾಗೆ ಅವನ ಅಂಗೈಗೆ ಒತ್ತಿ ಬೆರಳು ಮುಚ್ಚಿ, ಅವನನ್ನು ತಳ್ಳಿಕೊಂಡು ಹೋಗಿ ಮನೆಯೊಳಗೆ ಕೂರಿಸಿ ಬಾಗಿಲು ಎಳೆದುಕೊಂಡಳು.

ಗಾರ್ಡು ಕೆಟ್ಟ ಮನುಷ್ಯರಲ್ಲ. ಗೊಣಗಿ, ಗಡಿಯಾರ ನೋಡಿ, "ಹೋಗಲಿ, ಹತ್ತಮ್ಮ. ಟಿಕೆಟ್ ಇದೆಯಲ್ಲ, ಗಾಡಿ ಹೊರಡುತ್ತೆ" ಎಂದರು.

ಅವಳು ಗಾಡಿಯನ್ನು ನೋಡಿದಳು. ನಾನು ಕೂತಿದ್ದ ಕಿಟಕಿಯನ್ನು, ನನ್ನ ಎದುರಿನ ಖಾಲಿ ಜಾಗವನ್ನು ನೋಡಿದಳು. ಗೇಟು ಅಲ್ಲೇ ಇಪ್ಪತ್ತು ಮಾರು ದೂರದಲ್ಲಿತ್ತು. ಹತ್ತಿ ಕೂತಿದ್ದರೆ ದಾಟಿಬಿಡುತ್ತಿದ್ದಳು. ಮುಚ್ಚಿದ ಬಾಗಿಲ ಹಿಂದಿನಿಂದ ಏನೋ ಬಡಿದ ಸದ್ದಾಯಿತು.

"ನೀವ್ ಒಂಟೋಗಿ ಸಾ" ಎಂದಳು. "ಆ ಮಗ ಒಂದೇ ಅದೆ. ಒಳೇನರಸೀಪುರದಲ್ಲಿ ಅವ್ರ ತಾತ ಬಂದಿರ್ತಾರೆ, ವಸಿ ಕೈಗೊಪ್ಸಿ." ಹಸಿರು ಬಾವುಟ ಬಿಚ್ಚಿ, ಧಾರೆ ಸೀರೆಯಲ್ಲೇ ತನ್ನ ಜಾಗದಲ್ಲಿ ನಿಂತಳು. "ಪುಟ್ಟವ್ವ, ನೋಡ್ಕೊ, ದಾಟುವಾಗ ಎಂಗ್ ಕಾಣ್ತದೆ ಅಂತ ನೋಡ್ಕಂಡು ಬಂದು ಏಳ್ಬೇಕು" ಎಂದು ಕೂಗಿದಳು.

ನಾನು ಹೂಂ ಎಂದೆ. ಗಾಡಿ ಹೊರಟಿತು. ಅಷ್ಟರಲ್ಲಿ ಎಡಗಡೆಯಿಂದ ಯಾರೋ ನನ್ನ ಹೆಸರು ಕೂಗಿದರು. ಗೇಟಿನ ಆಚೆ ನಿಂತಿದ್ದ ಎತ್ತಿನ ಗಾಡಿಯಲ್ಲಿ ನಮ್ಮ ತರಗತಿಯ ಪಟೇಲರ ಮಗಳು. ನಾನು ರೈಲಿನಲ್ಲಿ ಹೋಗುತ್ತೇನೆ ಎಂದರೆ ಸುಳ್ಳು ಎಂದು ಇಡೀ ಶಾಲೆಯ ಮುಂದೆ ಹೇಳಿದ್ದವಳು. ಅವಳಿಗೆ ನಾನು ಕಾಣಿಸಬೇಕಿತ್ತು. ಎದ್ದು, ಮುದುಕರ ಕಾಲು ತುಳಿದು, ಎಡಗಡೆಯ ಕಿಟಕಿಗೆ ಓಡಿ ಎರಡೂ ಕೈ ಬೀಸಿದೆ. ಅವಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಅಂಥ ಸಂತೋಷ ನನಗೆ ಜೀವನದಲ್ಲಿ ಹೆಚ್ಚು ಸಲ ಆಗಿಲ್ಲ. ನಾನು ಬಲಗಡೆಗೆ ತಿರುಗಿ ಬರುವಷ್ಟರಲ್ಲಿ ಅಲ್ಲಿ ಹೊಲ ಇತ್ತು.

ರಜೆ ಮುಗಿಸಿ ಬಂದೆ. ಗಾರ್ಡು ಏನೂ ಬರೆದಿರಲಿಲ್ಲ. ಗಂಡ ಪಾಸಿಗೆ ಅರ್ಜಿ ಹಾಕುವುದನ್ನು ನಿಲ್ಲಿಸಿದ್ದ. ಗೇಟಕ್ಕ ಬೀಗದ ಕೈಗೆ ದಾರ ಕಟ್ಟಿ ಬಾಗಿಲ ಚೌಕಟ್ಟಿಗೆ ನೇತುಹಾಕಿದ್ದಳು. ಸೊಂಟ ಖಾಲಿಯಾಗಿತ್ತು. ಆದರೂ ಮಾತಿನ ಮಧ್ಯೆ ಆಗಾಗ ಅಲ್ಲಿಗೆ ಕೈ ಹೋಗುತ್ತಿತ್ತು.

ಜಗುಲಿಯಲ್ಲಿ ನಾನು ಕೂರುತ್ತಲೇ ಕೇಳಿದಳು: "ಏಳು. ದಾಟುವಾಗ ಎಂಗಿತ್ತು?"

ಏನು ಹೇಳಲಿ? ಸುಳ್ಳು ಹೇಳಿದೆ. ಮನೆಯ ಹೆಂಚು ಕೆಂಪಗೆ ಹೊಳೆಯುತ್ತಿತ್ತು, ಕನಕಾಂಬರ ಕಾಣುತ್ತಿತ್ತು, ಮೇಕೆ ತಲೆ ಎತ್ತಿ ನೋಡಿತು, ನೀವು ಬಾವುಟ ಹಿಡಿದು ಪೊಲೀಸಿನವರ ಹಾಗೆ ನಿಂತಿದ್ದಿರಿ, ರೈಲಿನವರೆಲ್ಲ ಯಾರಿವರು ಅಂತ ಕೇಳಿದರು ಎಂದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಮರುದಿನ ಮತ್ತೆ ಕೇಳಿದಳು. ವಾರಕ್ಕೆರಡು ಸಲವಾದರೂ ಹೇಳಬೇಕಿತ್ತು. ಸುಳ್ಳಿನ ಕಷ್ಟವೆಂದರೆ ಪ್ರತಿ ಸಲವೂ ಹಾಗೆಯೇ ಹೇಳಬೇಕು. ಮೇಕೆ ಬಿಟ್ಟುಹೋದರೆ ಅವಳು ನೆನಪಿಸುತ್ತಿದ್ದಳು. ಗೇಟಿನ ದಾರಿ ಬಿಟ್ಟು ಶಾಲೆಗೆ ಬೇರೆ ದಾರಿ ಇದ್ದಿದ್ದರೆ ಅದರಲ್ಲೇ ಹೋಗುತ್ತಿದ್ದೆ. ಇರಲಿಲ್ಲ. ಹೀಗೆ ನಾಲ್ಕು ವರ್ಷ ನಡೆಯಿತು. ಆಮೇಲೆ ಅಪ್ಪನಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು, ನಾನು ತಪ್ಪಿಸಿಕೊಂಡೆ.

ಮತ್ತೆ ಅವಳನ್ನು ಕಂಡದ್ದು ಅರವತ್ತರ ದಶಕದಲ್ಲಿ, ಹಾಸನದಲ್ಲಿ ಶಿಕ್ಷಕಿಯ ತರಬೇತಿಗೆ ಸೇರುವ ಮೊದಲು. ಹೊಳೇನರಸೀಪುರದ ಚಿಕ್ಕಮ್ಮನ ಮನೆಗೆ ಬಂದವಳು ಒಂದು ಮಧ್ಯಾಹ್ನ ಗೇಟಿಗೆ ಹೋದೆ. ಅವಳ ತಲೆ ನರೆತಿತ್ತು. ಗಂಡ ಒಳಗೆ ಚಾಪೆಯ ಮೇಲಿದ್ದ. ಕಾಫಿ ಕಾಸಿದಳು. ನಾನು ಹತ್ತು ವರ್ಷದಿಂದ ಹೊತ್ತುಕೊಂಡಿದ್ದನ್ನು ಇಳಿಸಿಬಿಡಬೇಕೆಂದು ಬಾಯಿ ತೆರೆದೆ. ಅವಳೇ ಮೊದಲು ಹೇಳಿದಳು.

"ನಾಳೀಕ್ ಆಸನಕ್ಕೆ ರೈಲಲ್ಲೇ ಓಯ್ತೀಯಾ? ಈ ಕಡೆ ಕಿಟ್ಕೀಲಿ ಕೂತ್ಕೊ. ಅವತ್ತಿನಂಗೆ ಆ ಕಡೀಕ್ ಓಡ್ಬೇಡ."

ನಾನು ಕಾಫಿ ಲೋಟವನ್ನು ಕೆಳಗಿಟ್ಟೆ.

"ಅವತ್ತೊಂದ್ಸಾರಿ ಚಕ್ರ ಬುಟ್ಟು ಕಿಟ್ಕಿ ನೋಡ್ದೆ ಪುಟ್ಟವ್ವ. ಕಿಟ್ಕೀಲಿ ಯಾರೂ ಇರ್ನಿಲ್ಲ."

"ಗೊತ್ತಿದ್ದೂ ಯಾಕೆ ದಿನಾ ಕೇಳ್ತಿದ್ರಿ?"

ಅವಳು ಒಳಗೆ ಚಾಪೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನೀನ್ ಏಳ್ತಿದ್ರೆ ನಾನ್ ಗಾಡಿ ಒಳ್ಗೇ ಕೂತಿರ್ತಿದ್ದೆ ಕಣವ್ವ. ಅಷ್ಟೊತ್ತಾದ್ರೂ."

ಮರುದಿನ ಗೇಟಿನ ಮನೆ ಬರುವ ಕಡೆಯ ಕಿಟಕಿಯಲ್ಲೇ ಕೂತೆ. ಗೇಟು ಬಂದೇಬಿಟ್ಟಿತು. ನಾನು ಹೇಳುತ್ತಿದ್ದ ಯಾವುದೂ ಹಾಗಿರಲಿಲ್ಲ. ಹೆಂಚು ಹೊಳೆಯಲಿಲ್ಲ, ಕನಕಾಂಬರ ಕಾಣಲಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಒಂದು ಬಾಗಿಲು, ಒಂದು ಬಾವುಟ, ಒಬ್ಬ ಹೆಂಗಸು. ನಾನು ಅರ್ಧ ಮೈ ಹೊರಗೆ ಚಾಚಿ ಗೇಟಕ್ಕಾ ಎಂದು ಕೂಗಿದೆ. ಅವಳು ತಲೆ ಎತ್ತಲಿಲ್ಲ. ಚಕ್ರ ನೋಡುತ್ತಿದ್ದಳು.